ನಿಂತ ಕೈ, ನಿಲ್ಲದ ತೋಳು

“ಆ ತೋಳಿಗೆ ಯಾರೋ ಏನೋ ಮಾಡಿಬಿಟ್ಟಿದ್ದಾರೆ ದೊಡ್ಡಮ್ಮ. ನಾಳೆ ನಮ್ಮಕ್ಕನ ಹೊಟ್ಟೆಯೊಳಗೆ ಹೋಗೋದು ಅದೇ!”

ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಹುಡುಗಿ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತಿದ್ದಳು. ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ, ಈಗ ಊರಿಗೆಲ್ಲ ದೊಡ್ಡಮ್ಮ. ಪೊಲೀಸರು ಕೈಚೆಲ್ಲಿದ ಎಷ್ಟೋ ಪ್ರಕರಣಗಳನ್ನು ಬಿಡಿಸಿದವರು. ನಾನು ಅವರ ಕಾರು ಓಡಿಸುವವನು. ಅವರ ಪಾಲಿನ ಹೆದರಿಕೆಯೂ ನನ್ನದೇ.

ಹುಡುಗಿ ವಿವರಿಸಿದಳು. ಸಣ್ಣ ತೂತಿನ ಮೂಲಕವೇ ಆಪರೇಷನ್ ಮಾಡುವ ರೋಬೋಟ್ ಅದು. ಡಾಕ್ಟರು ದೂರ ಕೂತು ಬೆರಳಾಡಿಸಿದರೆ ಅದರ ತೋಳು ಒಳಗೆ ಹಾಗೇ ಆಡಬೇಕು. ನಿನ್ನೆ ರಬ್ಬರ್ ಹೊಟ್ಟೆಯ ಮೇಲೆ ಅಭ್ಯಾಸ ನಡೆದಿತ್ತು. ಹಿರಿಯ ಡಾಕ್ಟರು “ನಿಲ್ಲಿಸಿದೆ, ತೋಳಿನ ತುದಿ ಬದಲಿಸಮ್ಮ” ಎಂದರು. ನರ್ಸಮ್ಮ ಕೈಯಿಟ್ಟರು. ಡಾಕ್ಟರ ಕೈ ನಿಂತಿತ್ತು. ತೋಳು ನಿಲ್ಲದೆ ಮುಂದೆ ಬಂದು ನರ್ಸಮ್ಮನ ಅಂಗೈಯನ್ನು ಚುಚ್ಚಿತು.

“ನಾನು ಕೂತ್ರೆ, ಕಿರಿಯ ಡಾಕ್ಟರು ಕೂತ್ರೆ ಸರಿಯಾಗೇ ಇರತ್ತೆ. ಹಿರಿಯರು ಕೂತಾಗ ಮಾತ್ರ ಹೀಗೆ. ಮೊದಲ ಆಪರೇಷನ್ ತಾವೇ ಮಾಡ್ಬೇಕು ಅಂತ ಕಿರಿಯರು ಜಗಳ ಆಡಿದ್ರು. ಅವರೇ ಏನಾದ್ರೂ…”

“ಸೆಟ್ಟಿಂಗ್ ಯಾರು ಬದಲಿಸಬಹುದು?” ದೊಡ್ಡಮ್ಮ ಕೇಳಿದರು.

“ಒಬ್ಬೊಬ್ಬ ಡಾಕ್ಟರಿಗೂ ಬೇರೆ ಬೇರೆ ಸೆಟ್ಟಿಂಗ್, ಉಳಿದವರಿಗೆ ಕಂಪನಿಯದ್ದೇ. ಅವರವರ ಪಾಸ್‌ವರ್ಡ್ ಅವರಿಗೇ ಗೊತ್ತು.”

ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಆ ತೋಳು ಬಟ್ಟೆ ಹೊದ್ದು ನಿಂತಿತ್ತು. ನೋಡಿದ್ದೇ ತಡ, ನಾನು ದೊಡ್ಡಮ್ಮನ ಹಿಂದೆ ಸರಿದೆ. ಹಿರಿಯರು ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡೇ ನಮ್ಮನ್ನು ಮಾತಾಡಿಸಿದರು. ಟೀ ತಂದವನಿಗೆ “ಅಲ್ಲೇ ಇಡಪ್ಪ” ಅಂದರು, ಟೀ ಆರಿಹೋಯಿತು. ಕಿರಿಯರು ಗೋಡೆಗೊರಗಿ ಗುರಾಯಿಸುತ್ತಿದ್ದರು. ಇವನೇ ಕಳ್ಳ ಅಂತ ನಾನು ಆಗಲೇ ತೀರ್ಮಾನ ಮಾಡಿಬಿಟ್ಟೆ.

ದೊಡ್ಡಮ್ಮ ತೋಳಿನ ತುದಿಗೆ ಪೆನ್ನು ಕಟ್ಟಿಸಿದರು. “ಎಲ್ಲರೂ ಒಂದೊಂದು ಗೆರೆ ಎಳೀರಿ. ಲೋ, ಕಾಗದ ನೀನು ಹಿಡ್ಕೋ.”

“ನಾನಾ? ಅಯ್ಯೋ ದೊಡ್ಡಮ್ಮ!”

ಕಿರಿಯರು ಎಳೆದರು, ಹುಡುಗಿ ಎಳೆದಳು, ದೊಡ್ಡಮ್ಮನೂ ಎಳೆದರು. ಕೊನೆಗೆ ಹಿರಿಯರು ಕೂತರು. ಗೆರೆ ಮುಗಿದು ಅವರ ಕೈ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಪೆನ್ನು ಮಾತ್ರ ಸದ್ದಿಲ್ಲದೆ ನನ್ನ ಬೆರಳಿನತ್ತ ಹರಿದು ಬಂತು. ಕಿರುಚಿ ಕಾಗದ ಬಿಟ್ಟೆ.

ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ನರ್ಸಮ್ಮನನ್ನೂ ಕರೆಸಿ ದೊಡ್ಡಮ್ಮ ಎಲ್ಲರನ್ನೂ ಕೂರಿಸಿದರು.

“ಇದರಲ್ಲಿ ದೆವ್ವವೂ ಇಲ್ಲ, ಹಗೆಯೂ ಇಲ್ಲ. ಗೆರೆ ನೋಡಿ. ನನ್ನದು ವಯಸ್ಸಾದ ಕೈ, ಅಂಕುಡೊಂಕು. ಈ ಮಕ್ಕಳ ಗೆರೆಯೂ ಕೂದಲೆಳೆಯಷ್ಟು ಅಲ್ಲಾಡಿದೆ. ಹಿರಿಯರದ್ದು ಮಾತ್ರ ಸ್ಕೇಲಿಟ್ಟು ಎಳೆದ ಹಾಗಿದೆ. ಮನುಷ್ಯರ ಕೈ ಇಷ್ಟು ನೆಟ್ಟಗಿರಲ್ಲ. ಏನಮ್ಮ, ಕೈ ನಡುಕ ಒಳಗೆ ಹೋಗದ ಹಾಗೆ ಈ ಯಂತ್ರ ಸೋಸುತ್ತಲ್ವಾ?”

“ಹೌದು, ಸ್ವಲ್ಪ ಮಟ್ಟಿಗೆ.”

“ತೀರಾ ಹೆಚ್ಚಿಸಿದ್ರೆ?”

ಹುಡುಗಿ ಥಟ್ಟನೆ ಎದ್ದು ನಿಂತಳು. “ನಡುಕ ಯಾವುದು, ನಿಜವಾದ ಚಲನೆ ಯಾವುದು ಅಂತ ಗೊತ್ತಾಗೋಕೆ ಅದು ಕಾಯಬೇಕು. ತೋಳು ತಡವಾಗಿ ಬರತ್ತೆ… ಕೈ ನಿಂತ ಮೇಲೂ ಬರತ್ತೆ.”

“ಹೆಚ್ಚಿಸೋಕೆ ಅವರ ಪಾಸ್‌ವರ್ಡ್ ಬೇಕು. ಜೇಬಿನಿಂದ ಕೈ ತೆಗೆಯದವರು, ಟೀ ಲೋಟ ಮುಟ್ಟದವರು ಇಲ್ಲಿ ಒಬ್ಬರೇ. ಡಾಕ್ಟರೇ, ಕೈ ತೋರಿಸಿ.”

ಹಿರಿಯರು ಕೈ ಹೊರತೆಗೆದರು. ಬೆರಳುಗಳು ಗಡಗಡ ನಡುಗುತ್ತಿದ್ದವು.

“ಇದೊಂದೇ ಕೆಲಸ ನನಗೆ ಗೊತ್ತಿರೋದು,” ಅಂದರು. “ಯಂತ್ರ ಮುಚ್ಚಿಹಾಕತ್ತೆ ಅಂದ್ಕೊಂಡೆ. ನರ್ಸಮ್ಮನಿಗೆ ಏಟಾದಾಗ ಕಾರಣ ಗೊತ್ತಾಯ್ತು. ಹೇಳೋಕೆ ಬಾಯಿ ಬರಲಿಲ್ಲ.”

“ಗೊತ್ತಿದ್ದೂ ನಾಳೆ ಕೂರೋಕೆ ಹೊರಟಿದ್ರಾ?” ಹುಡುಗಿ ಅಳುತ್ತಲೇ ಸಿಡಿದಳು. “ಬನ್ನಿ. ಅಕ್ಕನಿಗೆ ನೀವೇ ಹೇಳಿ.”

ವಾರ್ಡಿನಲ್ಲಿ ಹಿರಿಯರು ತಲೆತಗ್ಗಿಸಿ ಎಲ್ಲವನ್ನೂ ಹೇಳಿದರು. ನಾಳೆ ಕಿರಿಯರು ಮಾಡುತ್ತಾರೆ ಅಂದರು. ಹುಡುಗಿಯ ಅಕ್ಕ ಅವರ ಕೈಗಳನ್ನೇ ಬಹಳ ಹೊತ್ತು ನೋಡಿದಳು.

“ಆ ಯಂತ್ರ ಅಂದ್ರೆ ನಂಗೆ ಮೊದಲಿಂದಲೂ ಭಯ ಡಾಕ್ಟರೇ,” ಅಂದಳು. “ನೀವಿರ್ತೀರಲ್ಲ ಅಂತ ಒಪ್ಕೊಂಡಿದ್ದೆ.”