ಮಿಕ್ಕ ಐದು ಅಕ್ಷರ

ಮಂಗಳವಾರ ಬೆಳಿಗ್ಗೆ 9.10ಕ್ಕೆ ರಕ್ತನಿಧಿಯ ವೈದ್ಯೆ ಠಾಣೆಗೆ ಬಂದು ದೂರು ಕೊಟ್ಟರು. ಯಾರೋ ಕಂಪ್ಯೂಟರ್ ಸರ್ವರ್‌ನಲ್ಲಿದ್ದುದನ್ನೆಲ್ಲ ಅಳಿಸಿಹಾಕಿದ್ದರು. ಉಳಿದದ್ದು ದಾನಿಗಳ ಪಟ್ಟಿಯ ಒಂದು ಪ್ರತಿ. ಅದರಲ್ಲಿ ರಕ್ತದ ಗುಂಪನ್ನಷ್ಟೇ ಓದಬಹುದಿತ್ತು; ಹೆಸರು, ವಿಳಾಸ, ಫೋನ್ ಸಂಖ್ಯೆ ಎಲ್ಲವೂ ಗೂಢಲಿಪಿ. ಸಂಜೆ ನಾಲ್ಕಕ್ಕೆ ಬಾಣಂತಿಯೊಬ್ಬಳಿಗೆ ಶಸ್ತ್ರಚಿಕಿತ್ಸೆ. ಅವಳದು ಅಪರೂಪದ ಗುಂಪು. ಊರಿನಲ್ಲಿ ದಾನಿ ಒಬ್ಬರೇ.

9.40ಕ್ಕೆ ಎಫ್‌ಐಆರ್, 10.15ಕ್ಕೆ ಪಂಚನಾಮೆ. ಬಾಗಿಲ ಬೀಗ ಮುರಿದಿರಲಿಲ್ಲ. ಕಪಾಟಿನ ಲಕೋಟೆಯಲ್ಲಿ ಇಪ್ಪತ್ತೊಂದು ಅಕ್ಷರಗಳ ಕೀಲಿಪದ ದೊರೆಯಿತು. ಇನ್ಸ್‌ಪೆಕ್ಟರ್ ಸರ್ವರ್ ನೋಡಿಕೊಳ್ಳುವವನ ಹೇಳಿಕೆಯನ್ನು ವಿಳಾಸಸಹಿತ ಬರೆದುಕೊಂಡರು.

"ಹೊಸ ಸರ್ವರ್ ಹಾಕಿ ಪಟ್ಟಿ ಬಿಡಿಸೋಕೆ ಎಷ್ಟು ಹೊತ್ತು?"

"ಎರಡು ದಿನ ಸಾರ್."

"ಹೊರಗಿನ ಕಂಪ್ಯೂಟರಲ್ಲಿ ಬಿಡಿಸಿದ್ರೆ?"

"ತಲೆಕೆಳಗಾಗಿ ನಿಂತ್ರೂ ಆಗಲ್ಲ."

ಠಾಣೆಯಲ್ಲಿ 'ಲೆಕ್ಕದಮ್ಮ' ಎಂದೇ ಹೆಸರಾದ ಮಹಿಳಾ ಕಾನ್‌ಸ್ಟೆಬಲ್ ತನ್ನ ಲ್ಯಾಪ್‌ಟಾಪಿನಲ್ಲಿ ಕೀಲಿಪದ ಕೊಟ್ಟಳು. ಬಂದದ್ದು ಅರ್ಥವಿಲ್ಲದ ಅಕ್ಷರಗಳ ಕಸ. ಗಂಟೆ 12.30.

"ಲಕೋಟೇನೇ ಸುಳ್ಳಿರಬೇಕು," ಎಂದರು ಇನ್ಸ್‌ಪೆಕ್ಟರ್.

ಅವಳು ಬೆರಳು ಮಡಚಿ ಎಣಿಸಿದಳು. "ಈ ಗೂಢಲಿಪಿಯ ಬೀಗಕ್ಕೆ ಹದಿನಾರೇ ಅಕ್ಷರ ಸಾರ್. ನಮ್ಮ ಲ್ಯಾಪ್‌ಟಾಪು ಮಿಕ್ಕ ಐದನ್ನ ಕತ್ತರಿಸಿ ಬಿಸಾಡ್ತು. ರಕ್ತನಿಧಿಯ ಡೇಟಾಬೇಸ್ ಬಿಸಾಡಲ್ಲ, ಜಿಪುಣ. ಆ ಐದನ್ನ ಹಿಂದಕ್ಕೆ ಮಡಚಿ ಮೊದಲ ಐದರ ಜೊತೆ ಬೆರೆಸುತ್ತೆ."

"ಹಾಗಾದ್ರೆ ನೀನೂ ಮಡಚಮ್ಮ."

1.05ಕ್ಕೆ ಪಟ್ಟಿ ಬಿಚ್ಚಿಕೊಂಡಿತು. ದಾನಿ ಇಪ್ಪತ್ತೆಂಟರ ಯುವತಿ. ಮನೆ ನಲವತ್ತೇಳು, ಮೂರನೇ ಮಹಡಿ. ಇನ್ಸ್‌ಪೆಕ್ಟರ್ ಬೆಳಗಿನ ಹೇಳಿಕೆಯನ್ನು ಪಕ್ಕದಲ್ಲಿಟ್ಟರು. ವಿಳಾಸ ಒಂದೇ.

ಫೋನ್ ಮಾಡಿದಾಗ ಯುವತಿ, "ಹತ್ತು ನಿಮಿಷದಲ್ಲಿ ಬಂದೆ," ಎಂದಳು. ವೈದ್ಯೆ ಪರೀಕ್ಷಿಸಿ ಒಪ್ಪಿದರು.

ಸರ್ವರ್ ನೋಡಿಕೊಳ್ಳುವವನನ್ನು 2.20ಕ್ಕೆ ಬಂಧಿಸಲಾಯಿತು. ಅವನು ವಾದಿಸಲಿಲ್ಲ.

"ಹೋದ ಸಲ ರಕ್ತ ಕೊಟ್ಟು ಮೆಟ್ಟಿಲ ಮೇಲೆ ಬಿದ್ಲು ಸಾರ್. ಎತ್ಕೊಂಡು ಹೋದವನು ನಾನು. ಬೇಡ ಅಂದ್ರೆ ಕೇಳೋಳಲ್ಲ. ಬೇರೆ ಊರಿಂದ ತರಿಸ್ತಾರೆ ಅಂದ್ಕೊಂಡೆ."

"ಪ್ರತಿಯನ್ನ ಯಾಕೆ ಅಳಿಸಲಿಲ್ಲ?"

"ನಾಲ್ಕು ಸಾವಿರ ಜನರ ವಿವರ. ಕೈ ಬರಲಿಲ್ಲ. ಎರಡು ದಿನ ಸಿಕ್ಕಿದ್ರೆ ಸಾಕಿತ್ತು."

6.30ಕ್ಕೆ ವೈದ್ಯೆಯ ಫೋನ್ ಬಂತು: ಬಾಣಂತಿ ಕ್ಷೇಮ. ಇನ್ಸ್‌ಪೆಕ್ಟರ್ ಅಂದು ಮೊದಲ ಬಾರಿಗೆ ಕುರ್ಚಿಗೆ ಒರಗಿದರು.

ಏಳಕ್ಕೆ ಬಂಧಿತನ ಮಗಳು ತನ್ನ ಕಾಲ ಮೇಲೆ ನಡೆದು ಠಾಣೆಗೆ ಬಂದಳು. ಮೊಣಕೈಯಲ್ಲಿ ಹತ್ತಿಯ ಪಟ್ಟಿ.

"ನೋಡಪ್ಪಾ, ಬಿದ್ದಿಲ್ಲ. ಈ ಸಲ ಊಟ ಮಾಡ್ಕೊಂಡು ಹೋಗಿದ್ದೆ."

ಅವನು ಮುಖ ಮುಚ್ಚಿಕೊಂಡ. ಲೆಕ್ಕದಮ್ಮ ಅವಳಿಗೆ ಕುರ್ಚಿ ಎಳೆದು ಕೊಟ್ಟು, ಬಂಧನದ ಮಾಹಿತಿ ಪಡೆದ ಸಂಬಂಧಿಯ ಸಾಲಿನಲ್ಲಿ 'ಮಗಳು' ಎಂದು ಬರೆದಳು.