ಸುವರ್ಣಮ್ಮನಿಗೆ ಬಂದ ದಪ್ಪಕ್ಷರ

ಗುರುವಾರ ಬೆಳಿಗ್ಗೆ ಕೋಡಂಬಾಕ್ಕಂ ಠಾಣೆಗೆ ಬಂದ ಸುವರ್ಣಮ್ಮ ಕುರ್ಚಿ ಕೊಟ್ಟರೂ ಕೂರಲಿಲ್ಲ. ಮಗ ವೀರೇಶ್ ಮಂಗಳವಾರ ಇಲ್ಲಿನ ಅಂಗಡಿಗೆ ಕೆಲಸಕ್ಕೆ ಹೋದವನು ತಾಂಬರಂನ ಮನೆಗೆ ಮರಳಿರಲಿಲ್ಲ. ಫೋನ್ ಸ್ವಿಚ್ ಆಫ್. ಅವನ ವಾಟ್ಸಾಪ್ ಸಂದೇಶ ಮಾತ್ರ ಬರುತ್ತಲೇ ಇತ್ತು: ‘ಅವ್ವಾ, ಮದುರೈಗೆ ಬಂದೀನಿ. ಚಿಂತಿ ಮಾಡಬ್ಯಾಡ.’

“ಮತ್ತೇನು ತಾಯಿ, ಹುಷಾರಾಗಿದ್ದಾನಲ್ಲ?” ಎಂದರು ಇನ್ಸ್‌ಪೆಕ್ಟರ್ ಪ್ರತಾಪ್. ಹೊಸೂರಿನವರಾದ ಅವರಿಗೆ ಕನ್ನಡ ಮನೆಮಾತು.

“ಇದು ನನ್ನ ಮಗ ಬರದದ್ದಲ್ರೀ ಸಾಹೇಬ್ರ. ದಪ್ಪಕ್ಷರದಾಗ ಐತಿ.”

“ಅದಕ್ಕೇನೀಗ?”

“ನನಗ ಕಣ್ಣಾಗ ಪೊರೆ ಬಂದಿತ್ತು. ಓದಾಕ ಬರಲಿ ಅಂತ ದಪ್ಪ ಮಾಡಿ ಕಳಸ್ತಿದ್ದ. ಸೋಮವಾರ ರಜಾ ಹಾಕಿ ಆಪರೇಷನ್ ಮಾಡಿಸಿದ. ಸುಸೂತ್ರ ಆಗೋತನಕ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದಿದ್ದೆ. ಮಂಗಳವಾರ ಮುಂಜಾನೆ ಪಟ್ಟಿ ಬಿಚ್ಚಿದ್ರು. ಔಷಧಿ ಬಾಟ್ಲಿ ಮ್ಯಾಲಿನ ಸಣ್ಣಕ್ಷರ ಓದಿ ತೋರಿಸಿದೆ. ‘ಇನ್ನ ದಪ್ಪಕ್ಷರ ಬ್ಯಾಡ ಬಿಡವ್ವಾ’ ಅಂತ ನಕ್ಕೋತ ಹೋದ. ಸಂಜಿಗೆ ಮತ್ತ ದಪ್ಪಕ್ಷರ! ಹುಡುಕಿ ಕೊಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ.”

ಎಫ್‌ಐಆರ್ ದಾಖಲಾಯಿತು. ವೀರೇಶನ ಫೋನ್ ಕೊನೆಗೆ ಸಿಗ್ನಲ್ ಕೊಟ್ಟಿದ್ದು ಅವನು ಸಿನಿಮಾ ಪೋಸ್ಟರ್ ವಿನ್ಯಾಸ ಮಾಡುತ್ತಿದ್ದ ಅಂಗಡಿಯ ಬಳಿ. ಫೋನ್ ಆಫ್ ಆಗಿದ್ದರೂ ಅದಕ್ಕೆ ಜೋಡಿಸಿಟ್ಟ ಕಂಪ್ಯೂಟರ್‌ನಿಂದ ಸಂದೇಶ ಹೋಗುತ್ತದೆ. ಅನುಕೂಲವೇನೋ ಹೌದು, ಪಾಪಿಗಳಿಗೂ ಅಷ್ಟೇ ಅನುಕೂಲ.

ಅಂಗಡಿಯಲ್ಲಿ ಮಾಲೀಕ ಸದಾನಂದ ಒಬ್ಬನೇ ಇದ್ದ; ಅವನೂ ಕನ್ನಡದವನೇ. ಗೋಡೆ ತುಂಬ ಅವನು ಕುಂಚದಲ್ಲಿ ಬರೆದ ದಪ್ಪಕ್ಷರಗಳು. ಎಂಥ ಕೈ! ಪ್ರತಾಪ್ ಕೂಡ ಒಂದು ಗಳಿಗೆ ನಿಂತು ನೋಡಿದರು. ವೀರೇಶನ ಕಂಪ್ಯೂಟರ್‌ನಲ್ಲಿ ವಾಟ್ಸಾಪ್ ತೆರೆದೇ ಇತ್ತು.

“ಇದನ್ನೆಲ್ಲ ದಪ್ಪಕ್ಷರದಲ್ಲಿ ಯಾಕೆ ಕಳಿಸಿದೆ?”

“ಆಯಮ್ಮಂಗೆ ಕಣ್ಣು ಕಾಣಲ್ಲ ಸಾರ್…” ಎಂದವನು ನಾಲಿಗೆ ಕಚ್ಚಿಕೊಂಡ.

“ಈಗ ಕಾಣುತ್ತೆ.”

ಸದಾನಂದ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ಬೀಗ ಹಾಕಿದ್ದ ಹಿಂದಿನ ಗೋದಾಮಿನಲ್ಲಿ, ಫ್ಲೆಕ್ಸ್ ಸುರುಳಿಗಳ ಕೆಳಗೆ ವೀರೇಶನ ಹೆಣ ಸಿಕ್ಕಿತು. ಪಂಚನಾಮೆ ಮುಗಿಸಿ ಸದಾನಂದನನ್ನು ಬಂಧಿಸಿದರು.

“ನನ್ನ ಅಕ್ಷರಾನೆಲ್ಲ ಫಾಂಟ್ ಮಾಡಿ ಊರಿಗೆಲ್ಲ ಹಂಚಿಬಿಟ್ಟ ಸಾರ್. ‘ಇನ್ಮೇಲೆ ಎಲ್ಲರ ಫೋನಲ್ಲೂ ನೀವೇ ಸಾರ್’ ಅಂದ, ಖುಷಿಯಿಂದ. ಆಮೇಲೆ ನನ್ನನ್ನ ಯಾರು ಕರೀತಾರೆ? ಹೊಟ್ಟೆ ಉರಿದುಹೋಯ್ತು, ತಳ್ಳಿದೆ. ಮೆಷಿನ್ ಅಂಚಿಗೆ ತಲೆ ಬಡೀತು.” ಅವನು ತನ್ನ ಕೈಗಳನ್ನೇ ನೋಡುತ್ತಿದ್ದ.

ಗುರುತು ಹಿಡಿಯಲು ಸುವರ್ಣಮ್ಮನೇ ಶವಾಗಾರಕ್ಕೆ ಬರಬೇಕಾಯಿತು. ಬೇರೆ ಯಾರಿದ್ದರು ಅವಳಿಗೆ? ಪೇದೆ ಬಟ್ಟೆ ಸರಿಸಿದ. ಅವಳು ಬಗ್ಗಿ, ಮಗನ ಹುಬ್ಬಿನ ಮೇಲಿನ ಸಣ್ಣ ಮಚ್ಚೆಯನ್ನು ಬೆರಳಿನಿಂದ ಮುಟ್ಟಿದಳು.

“ಇದನ್ನ ನೋಡಲಿ ಅಂತ ನನಗ ಕಣ್ಣು ಕೊಡಿಸಿದೇನೋ, ನನ್ನಪ್ಪಾ?”