ಚಾಡಿಕೋರ ಹಲಗೆ

"ಕಿವಿ ಮುಚ್ಕೋ ಪಿಟೀಲು," ಎಂದು ಮಾವ ಸುತ್ತಿಗೆ ಎತ್ತಿದ.

ಠಣ್. ಹಳೇ ಮನೆಯ ರೂಮಿನ ನೆಲದ ಇನ್ನೊಂದು ಬಿಳಿ ಟೈಲ್ಸ್ ಸೀಳಿತು.

ಚಿಕ್ಕವಳಿದ್ದಾಗ ಒಂದೇ ಸಮನೆ ರಾಗ ಎಳೆಯುತ್ತಿದ್ದಳೆಂದು ಮಾವನೇ ಇಟ್ಟ ಹೆಸರು ಅದು. ಈಗ ಅವಳು ರಾಗ ಎಳೆಯುವುದಿಲ್ಲ. ಎಳೆದರೂ ಕೇಳುವವರು ಯಾರು? ಅಪ್ಪನಿಗೆ ದೂರದ ಊರಿನಲ್ಲಿ ಕೆಲಸ. ಅಮ್ಮ ಬೆಳಕು ಹರಿಯುವ ಮೊದಲೇ ಬೇಕರಿಗೆ ಹೊರಡುತ್ತಾಳೆ, ಸಂಜೆ ಬಂದವಳು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಾಳೆ.

ಪಿಟೀಲು ಏಳುವ ಹೊತ್ತಿಗೆ ಟಿಫಿನ್ ಬಾಕ್ಸ್ ತುಂಬಿರುತ್ತದೆ, ಶೂ ಪಾಲಿಶ್ ಆಗಿರುತ್ತದೆ. ಅಮ್ಮ ಮಾತ್ರ ಇರುವುದಿಲ್ಲ. ಕತೆಯಲ್ಲಿ ಎಲ್ಲರೂ ಮಲಗಿದ್ದಾಗ ಮನೆಗೆಲಸ ಮುಗಿಸಿ ಮಾಯವಾಗುವ ಯಕ್ಷಿಣಿಯ ಹಾಗೆ. ಆ ಯಕ್ಷಿಣಿ ಹೋಗುವಾಗ ಮಲಗಿದ ಮಕ್ಕಳ ಮುಖ ನೋಡುತ್ತಿದ್ದಳೋ ಇಲ್ಲವೋ, ಕತೆ ಹೇಳಿದವರು ಹೇಳಿರಲಿಲ್ಲ.

"ಮಾವ, ಅಮ್ಮ ಹೋಗೋವಾಗ ನನ್ನ ನೋಡಿ ಹೋಗ್ತಾಳಾ?"

"ನನಗೇನೇ ಗೊತ್ತು? ಆ ಹೊತ್ತಲ್ಲಿ ನನ್ನನ್ನೇ ಯಾರಾದ್ರೂ ಹೊತ್ಕೊಂಡು ಹೋದ್ರೂ ಗೊತ್ತಾಗಲ್ಲ."

"ನೋಡಲ್ಲ ಅನ್ಸುತ್ತೆ," ಎಂದಳು ಪಿಟೀಲು.

ಮಾವ ಒಡೆದ ಟೈಲ್ಸನ್ನು ಎತ್ತಿ, ಬಗ್ಗಿ ನೋಡಿದ. ಕೆಳಗೆ ಕಪ್ಪು ಗೋಂದು ಮೆತ್ತಿದ ಮರದ ಹಲಗೆಗಳಿದ್ದವು.

"ಅಯ್ಯೋ, ಇಷ್ಟು ಗಟ್ಟಿ ಮರದ ಮೇಲೆ ಟೈಲ್ಸ್ ಅಂಟಿಸೋ ಬುದ್ಧಿ ಯಾವ ಪುಣ್ಯಾತ್ಮನಿಗೆ ಬಂತೋ!"

ಆಮೇಲೆ ದಿನಾ ಅದೇ ಕೆಲಸ. ಮಂಚವನ್ನು ಆ ಕಡೆ ಈ ಕಡೆ ಸರಿಸುತ್ತ ಮಾವ ಗೋಂದು ಕೆರೆದ, ಮೆಶಿನ್ ಹಿಡಿದು ಉಜ್ಜಿದ. ಪಿಟೀಲು ಸೀನುತ್ತ ಪುಡಿ ಗುಡಿಸಿದಳು. ಕಪ್ಪು ಹೋಗಿ ಜೇನಿನ ಬಣ್ಣ ಬಂತು. ಮರದ ಗೆರೆಗಳು ನದಿಗಳ ಹಾಗೆ ಹರಿದವು. ಅದನ್ನು ತೋರಿಸೋಣವೆಂದರೆ ಹೊಸ ಸ್ಕೂಲಿನಲ್ಲಿ ಅವಳಿಗೆ ಇನ್ನೂ ಒಬ್ಬ ಫ್ರೆಂಡೂ ಇರಲಿಲ್ಲ.

ಉಜ್ಜಿ ಮುಗಿದ ಸಂಜೆ ಮಾವ ಬರಿಗಾಲಲ್ಲಿ ಹಲಗೆಗಳ ಮೇಲೆ ನಡೆದ. ಮಂಚದ ಪಕ್ಕ ನಿಂತ.

ಕಿರ್ರ್.

"ಸಿಕ್ಕಿಬಿದ್ದ ಚಾಡಿಕೋರ."

"ಯಾರು?"

"ಈ ಹಲಗೆ. ಯಾರೇ ಮೆಲ್ಲಗೆ ಬರಲಿ, ಹೇಳಿಬಿಡುತ್ತೆ. ಎರಡು ಸ್ಕ್ರೂ ಬಿಗಿದ್ರೆ ಬಾಯಿ ಮುಚ್ಚುತ್ತೆ." ಮಾವ ಅದರ ಮೇಲೆ ಸೀಮೆಸುಣ್ಣದಲ್ಲಿ ಇಂಟು ಮಾರ್ಕ್ ಹಾಕಿದ.

ಮರುದಿನ, ಇನ್ನೂ ಕತ್ತಲಿರುವಾಗಲೇ, ನಿದ್ದೆಯೊಳಗೆ ಏನೋ ಕೇಳಿಸಿತು. ಕಿರ್ರ್. ಸೋಪಿನ ವಾಸನೆ. ತುಂಬ ಹೊತ್ತು ಏನೂ ಇಲ್ಲ. ಮತ್ತೆ ಕಿರ್ರ್. ಕನಸಿರಬೇಕು ಎಂದುಕೊಂಡು ಅವಳು ಮಗ್ಗುಲು ಬದಲಿಸಿದಳು.

ಸಂಜೆ ಅಮ್ಮ ಅಡುಗೆಮನೆಯಲ್ಲಿ ಮಾವನಿಗೆ ಹೇಳುತ್ತಿದ್ದಳು. "ಆ ಮಂಚದ ಹತ್ರ ಕಿರುಗುಟ್ಟುತ್ತಲ್ಲೋ, ಅದನ್ನ ಮೊದಲು ಸರಿಮಾಡು. ಟೈಲ್ಸ್ ಇದ್ದಾಗ ಎಷ್ಟು ಹೊತ್ತು ನಿಂತ್ರೂ ಸದ್ದೇ ಇರ್ತಿರ್ಲಿಲ್ಲ. ಮಗು ಪಾಪ, ಎದ್ದುಬಿಟ್ರೆ?"

"ನಾಳೆ ಮಾಡ್ತೀನಿ ಬಿಡಕ್ಕ."

ಬಾಗಿಲ ಹಿಂದೆ ಪಿಟೀಲು ಕಾಲ್ಬೆರಳ ತುದಿಯಲ್ಲಿ ನಿಂತಿದ್ದಳು. ಮೆಲ್ಲಗೆ ರೂಮಿಗೆ ಹೋಗಿ, ಬೆರಳಿಗೆ ಎಂಜಲು ಹಚ್ಚಿ, ಇಂಟು ಮಾರ್ಕನ್ನು ತಿಕ್ಕಿ ಅಳಿಸಿದಳು.

ಮರುದಿನ ಸ್ಕೂಲಿಂದ ಬಂದಾಗ ಮಾವ ಸ್ಕ್ರೂ ಡಬ್ಬಿ ಹಿಡಿದು ಕೂತಿದ್ದ. "ಇಲ್ಲೆಲ್ಲೋ ಗುರುತು ಹಾಕಿದ್ನಲ್ಲೇ?"

ಪಿಟೀಲು ಓಡಿಬಂದು ಆ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಕಿರ್ರ್ ಎಂದಿತು ಹಲಗೆ.

ಮಾವ ಅವಳನ್ನು ನೋಡಿದ. "ಏಳೇ."

"ಊಹೂಂ. ಇದು ನಿನ್ನ ಮೇಲೇನೂ ಚಾಡಿ ಹೇಳಲ್ಲ ಮಾವ."

"ಮತ್ತೆ ಯಾರ ಮೇಲೆ?"

ಅವಳು ಎರಡೂ ಕೈಯಿಂದ ಹಲಗೆಯನ್ನು ಒತ್ತಿ ಹಿಡಿದಳು. ಮಾವ ಗಡ್ಡ ಕೆರೆದುಕೊಂಡ. ಡಬ್ಬಿಯ ಮುಚ್ಚಳ ಹಾಕಿದ.

"ಸರಿ. ನಿಮ್ಮಮ್ಮ ಕೇಳಿದ್ರೆ, ಸ್ಕ್ರೂ ಖಾಲಿ."

ಮರುದಿನ ಪಿಟೀಲಿಗೆ ಮೊದಲೇ ಎಚ್ಚರವಾಯಿತು. ಅಡುಗೆಮನೆಯಲ್ಲಿ ಟಿಫಿನ್ ಬಾಕ್ಸ್ ಮುಚ್ಚಿದ ಸದ್ದು. ಅವಳು ಹೊದಿಕೆಯನ್ನು ಕಾಲಿನಿಂದ ಕೆಳಗೆ ತಳ್ಳಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

ಕಿರ್ರ್.

ಸೋಪಿನ ವಾಸನೆ ಬಂತು. ಆಮೇಲೆ, ನಿಧಾನವಾಗಿ, ಹೊದಿಕೆ ಕುತ್ತಿಗೆಯ ತನಕ ಬಂತು.